ಮುಖ ಅಗ್ಗವಾಗುವ ಮುನ್ನ

ಮುಖ ತೋರಿಸದಿದ್ದರೆ ಈಗ ಹಪ್ಪಳವೂ ಮಾರಾಟವಾಗುವುದಿಲ್ಲ ಎಂದು ವ್ಯಾಪಾರ ಮಾಡುವವರೆಲ್ಲ ನಂಬಿದಂತಿದೆ. ಇಳಕಲ್ ಸೀರೆ ಮಾರುವವರು ಮಧ್ಯಾಹ್ನದ ಊಟದ ಹೊತ್ತಿಗೆ ಲೈವ್ ಬಂದು ಸೆರಗು ಬಿಡಿಸಿ ತೋರಿಸುತ್ತಾರೆ. ಹುಬ್ಬಳ್ಳಿಯ ಗೃಹಿಣಿ ಒರಳಿನ ಎದುರು ಫೋನು ನಿಲ್ಲಿಸಿಕೊಂಡು, ಶೇಂಗಾ ಚಟ್ನಿಪುಡಿಗೆ ಬೆಳ್ಳುಳ್ಳಿ ಎಷ್ಟು ಬೀಳಬೇಕೆಂದು ಹೇಳುತ್ತಲೇ ಅರ್ಧ ಕಿಲೋದ ದರವನ್ನೂ ಹೇಳಿ ಮುಗಿಸುತ್ತಾರೆ. ಮಲೆನಾಡಿನ ಬೆಳೆಗಾರರು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ವಿಡಿಯೊದ ಕೊನೆಗೆ ತಮ್ಮ ತೋಟದ ಕಾಳುಮೆಣಸಿಗೆ ಆರ್ಡರ್ ತೆಗೆದುಕೊಳ್ಳುತ್ತಾರೆ. ಕೆಎಎಸ್ ಪರೀಕ್ಷೆಗೆ ಪಾಠ ಹೇಳುವವರು, ಬ್ಲೌಸ್ ಹೊಲಿಯುವವರು, ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುವವರು, ಜಾತಕ ನೋಡುವವರು, ಎಲ್ಲರ ಅಂಗಡಿಗೂ ಬೋರ್ಡು ಒಂದೇ: ಅವರವರ ಮುಖ.

ಇದನ್ನು ಗೇಲಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಪೇಟೆಬೀದಿಯಲ್ಲಿ ಒಂದು ಮಳಿಗೆ ಹಿಡಿಯಲು ಅಡ್ವಾನ್ಸ್ ಕೊಡುವ ಶಕ್ತಿಯಿಲ್ಲದವರಿಗೆ, ದಲ್ಲಾಳಿ ಹೇಳಿದ ರೇಟಿಗೆ ಮಾಲು ಸುರಿದು ಬರುತ್ತಿದ್ದವರಿಗೆ, ಮನೆ ಬಿಟ್ಟು ಹೊರಗೆ ದುಡಿಯಲು ಒಪ್ಪಿಗೆ ಸಿಗದ ಹೆಣ್ಣುಮಕ್ಕಳಿಗೆ ಈ ಮುಖದ ವ್ಯಾಪಾರ ಕೊಟ್ಟಷ್ಟು ದಾರಿಯನ್ನು ಯಾವ ಸರ್ಕಾರಿ ಯೋಜನೆಯೂ ಇಷ್ಟು ಬೇಗ ಕೊಟ್ಟಿರಲಿಲ್ಲ. ಕೊಳ್ಳುವವರಿಗೂ ಅದು ಹಿಡಿಸಿತು. ಪ್ಯಾಕೆಟ್ಟಿನ ಮೇಲಿನ ಮಾತಿಗಿಂತ ಕಣ್ಣೆದುರು ಮಾತಾಡುವ ಮನುಷ್ಯರ ಮಾತು ಹೆಚ್ಚು ನಂಬಿಕೆಗೆ ಯೋಗ್ಯ ಅನ್ನಿಸುವುದು ಸಹಜ.

ಅದೇ ನಂಬಿಕೆಯ ಬಗ್ಗೆ ಈಗಲೇ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಪರದೆಯ ಮೇಲೆ ಕಾಣುವ ಮುಖ ಮತ್ತು ಕೇಳುವ ದನಿಗೆ ಇವತ್ತು ಸಾಕ್ಷಿಯ ಬೆಲೆ ಇದೆ. ಇನ್ನು ಎರಡು ಮೂರು ವರ್ಷಗಳಲ್ಲಿ ಆ ಬೆಲೆ ಇಳಿಯಲಿದೆ. ಅಷ್ಟರೊಳಗೆ ತಮ್ಮ ಹೆಸರನ್ನು ಮುಖದಾಚೆಗೂ ನಿಲ್ಲಿಸಿಕೊಳ್ಳದವರು, ತಾವು ಮಾಡದ ತಪ್ಪಿಗೆ ಗಿರಾಕಿಗಳನ್ನು ಕಳೆದುಕೊಳ್ಳಲಿದ್ದಾರೆ. ಇದು ಜ್ಯೋತಿಷ್ಯವೇನಲ್ಲ. ಲಕ್ಷಣಗಳು ಆಗಲೇ ಕಂಡಿವೆ, ದೊಡ್ಡವರ ಮನೆಯಲ್ಲಿ ಮೊದಲು ಕಂಡಿವೆ.

2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ದೇಹಕ್ಕೆ ಅಂಟಿಸಿದ ವಿಡಿಯೊ ದೇಶವಿಡೀ ಓಡಾಡಿತು. ಮುಂದಿನ ತಿಂಗಳೇ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು, ಷೇರು ವಹಿವಾಟಿನ ಯಾವುದೋ ಆ್ಯಪನ್ನು ತಾವು ಹೊಗಳಿದಂತೆ ತೋರಿಸುವ ವಿಡಿಯೊಗಳು ನಕಲಿ ಎಂದು ಸಾರ್ವಜನಿಕವಾಗಿ ಹೇಳಬೇಕಾಯಿತು. ಹೇಳಿದರೂ ನಿಲ್ಲಲಿಲ್ಲ. ಮೂರ್ತಿ ಮತ್ತು ಮುಕೇಶ್ ಅಂಬಾನಿಯವರ ನಕಲಿ ವಿಡಿಯೊ ನಂಬಿ ಬೆಂಗಳೂರಿನ ಇಬ್ಬರು ಸೇರಿ ಸುಮಾರು 87 ಲಕ್ಷ ರೂಪಾಯಿ ಕಳೆದುಕೊಂಡ ಸುದ್ದಿ 2024ರ ನವೆಂಬರಿನಲ್ಲಿ ಬಂತು. ಸರಳ ಬದುಕಿಗೆ, ಲೆಕ್ಕದ ಶುದ್ಧಿಗೆ ಹೆಸರಾದ ಮೂರ್ತಿಯವರ ಮುಖವನ್ನೇ ವಂಚಕರು ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಕಳ್ಳರಿಗೆ ಬೇಕಾದದ್ದು ಚೆಲುವಲ್ಲ, ಆ ಮುಖದ ಹಿಂದೆ ಜನ ಇಟ್ಟ ನಂಬಿಕೆ.

ಇವರಿಗೆಲ್ಲ ವಕೀಲರಿದ್ದಾರೆ, ಪತ್ರಿಕೆಗಳು ಇವರ ಸ್ಪಷ್ಟನೆಯನ್ನು ಮುಖಪುಟದಲ್ಲಿ ಹಾಕುತ್ತವೆ. ಹಿಂದಿ ನಟ ಅನಿಲ್ ಕಪೂರ್ ತಮ್ಮ ಹೆಸರು, ಚಿತ್ರ, ದನಿ, ಕಡೆಗೆ ತಾವು ಸಿನಿಮಾದಲ್ಲಿ ಹೇಳುತ್ತಿದ್ದ ಒಂದು ಉದ್ಗಾರವನ್ನೂ ಯಾರೂ ಅನುಮತಿಯಿಲ್ಲದೆ ಬಳಸಕೂಡದು ಎಂದು 2023ರಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ತಂದುಕೊಂಡರು. ಅವರಿಗಿಂತ ಮೊದಲು 2022ರಲ್ಲಿ ಅಮಿತಾಭ್ ಬಚ್ಚನ್ ಅಂಥದೇ ಆದೇಶ ಪಡೆದಿದ್ದರು. ಆದರೆ 40 ಸಾವಿರ ಫಾಲೋವರ್‌ಗಳಿರುವ, ತಿಂಗಳಿಗೆ ನೂರಿನ್ನೂರು ಪಾರ್ಸೆಲ್ ಕಳಿಸುವ ಚಟ್ನಿಪುಡಿಯ ಅಕ್ಕ ದೆಹಲಿ ಹೈಕೋರ್ಟಿಗೆ ಹೋಗುವುದು ಯಾವ ಕಾಲಕ್ಕೆ? ಅವರ ಮುಖ ಹಾಕಿದ ನಕಲಿ ಪೇಜೊಂದು ದೀಪಾವಳಿಗೆ ಅರ್ಧ ಬೆಲೆಯ ಆಫರ್ ಕೊಟ್ಟು ಹಣ ಕಿತ್ತುಕೊಂಡು ಹೋದರೆ, ಹಣ ಕಳೆದುಕೊಂಡವರು ಬೈಯುವುದು ಯಾರನ್ನು? ಗೊತ್ತಿರುವ ಮುಖವನ್ನೇ.

ಇಷ್ಟು ದಿನ ಕನ್ನಡದ ಸಣ್ಣ ವ್ಯಾಪಾರಿಗಳನ್ನು ಕಾಪಾಡಿದ್ದು ಪೊಲೀಸರೂ ಅಲ್ಲ, ಆ್ಯಪ್ ಕಂಪನಿಗಳೂ ಅಲ್ಲ. ವಂಚಕರ ಕೆಟ್ಟ ಕನ್ನಡ. ‘ಪ್ರಿಯ ಗ್ರಾಹಕ, ನಿಮ್ಮ ವಿದ್ಯುತ್ ಇಂದು ರಾತ್ರಿ ಸಂಪರ್ಕ ಕಡಿತ’ ಎಂಬಂಥ ಸಂದೇಶ ಬಂದರೆ ಏಳನೇ ಕ್ಲಾಸಿನ ಹುಡುಗನೂ ನಗುತ್ತಿದ್ದ. ಯಂತ್ರ ಓದುವ ಕನ್ನಡ ಒತ್ತಕ್ಷರದಲ್ಲಿ ಎಡವಿ ಸಿಕ್ಕಿಬೀಳುತ್ತಿತ್ತು. ಆ ಬೇಲಿ ಈಗ ಬೀಳುತ್ತಿದೆ. ಮೂರು ಸೆಕೆಂಡಿನ ಮಾದರಿ ಸಿಕ್ಕರೆ ಒಬ್ಬರ ದನಿಯನ್ನು ಅನುಕರಿಸಬಲ್ಲೆವು ಎಂದು ಮೈಕ್ರೋಸಾಫ್ಟ್‌ನ ಸಂಶೋಧಕರು 2023ರ ಜನವರಿಯಲ್ಲಿ ತೋರಿಸಿದ್ದು ಇಂಗ್ಲಿಷಿನಲ್ಲಿ. ಬೇರೆ ಭಾಷೆಗಳಿಗೆ ಆ ವಿದ್ಯೆ ಬರಲು ಬೇಕಾಗಿದ್ದುದು ಆಡುಮಾತಿನ ಹೇರಳ ಮಾದರಿಗಳು. ಅದನ್ನು ನಾವೇ ಒದಗಿಸಿದ್ದೇವೆ. ಧಾರವಾಡದ ‘ಹೌದ್ರಿ’, ಮಂಡ್ಯದ ‘ಕಣ್ಲಾ’, ಮಂಗಳೂರಿನ ‘ಮಾರಾಯ್ರೆ’ ಎಲ್ಲವೂ ದಿನಕ್ಕೆರಡು ರೀಲ್ಸ್‌ನಂತೆ ಸಾರ್ವಜನಿಕವಾಗಿ ಬಿದ್ದಿವೆ. ಯಾರು ಶ್ರದ್ಧೆಯಿಂದ, ಒಂದು ದಿನವೂ ತಪ್ಪಿಸದೆ ವಿಡಿಯೊ ಹಾಕಿದ್ದಾರೋ ಅವರನ್ನು ನಕಲು ಮಾಡುವುದೇ ಎಲ್ಲಕ್ಕಿಂತ ಸುಲಭ. ನಿತ್ಯ ಕಾಣಿಸಿಕೊಳ್ಳಿ ಎಂದು ಬೋಧಿಸುವ ಪರ್ಸನಲ್ ಬ್ರ್ಯಾಂಡಿಂಗ್ ಗುರುಗಳು ಈ ಮಾತನ್ನು ತಮ್ಮ 999 ರೂಪಾಯಿಯ ಕೋರ್ಸಿನಲ್ಲಿ ಹೇಳುವುದಿಲ್ಲ.

ಆ ಗುರುಗಳ ಮೂಲಪಾಠವೇ ಬೇರೆ ಕಾಲದ್ದು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಪ್ರತಿಯೊಬ್ಬರೂ ತಮ್ಮನ್ನು ತಾವೇ ಒಂದು ಬ್ರ್ಯಾಂಡ್ ಎಂದುಕೊಳ್ಳಬೇಕು ಎಂಬ ವಿಚಾರ ಜನಪ್ರಿಯವಾದದ್ದು 1997ರಲ್ಲಿ, ‘ಫಾಸ್ಟ್ ಕಂಪನಿ’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಟಾಮ್ ಪೀಟರ್ಸ್ ಬರೆದ ಲೇಖನದಿಂದ. ಅದು ಕೆಲಸದ ಭದ್ರತೆ ಕಳೆದುಕೊಳ್ಳುತ್ತಿದ್ದ ಆಫೀಸು ನೌಕರರಿಗೆ ಹೇಳಿದ ಮಾತು. ಆಗ ಯೂಟ್ಯೂಬೂ ಇರಲಿಲ್ಲ, ಮುಖ ಕದಿಯುವ ಯಂತ್ರವೂ ಇರಲಿಲ್ಲ. ಆ ಸಲಹೆಯನ್ನು ಹಾಗೇ ತಂದು ಮನೆಯಲ್ಲಿ ಉಪ್ಪಿನಕಾಯಿ ಹಾಕುವವರ ತಲೆಗೆ ಕಟ್ಟಿದ್ದೇವೆ.

ಮುಖವನ್ನೇ ನಂಬಿದ ವ್ಯಾಪಾರಕ್ಕೆ ಎರಡನೆಯ ತೊಡಕು ಹಳೆಯದು, ಆದರೂ ಪಾಠ ಕಲಿತಂತೆ ಕಾಣುವುದಿಲ್ಲ. 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿ ಹೆಸರು ಮಾಡಿದ್ದ ಲಕ್ಷಾಂತರ ಜನರ ಪ್ರೇಕ್ಷಕರು ಬೆಳಗಾಗುವುದರೊಳಗೆ ಮಾಯವಾದರು. ಅಕ್ಕಪಕ್ಕದ ಹಳ್ಳಿಯಲ್ಲಿ ಗುರುತಿಸಿ ಮಾತಾಡಿಸುತ್ತಿದ್ದ ಮುಖಗಳಿಗೆ ಮರುದಿನ ವಿಳಾಸವಿಲ್ಲ. ಆಮೇಲೆ ನಮ್ಮದೇ ಊರಿನದೊಂದು ಹೆಸರು ಮಾಡಿತು: ಬೆಂಗಳೂರಿನಲ್ಲಿ ಹುಟ್ಟಿದ, ಮೊದಲು ಕನ್ನಡದಲ್ಲೇ ಶುರುವಾದ ‘ಕೂ’ ಆ್ಯಪ್. ಮಂತ್ರಿಗಳು, ಕ್ರಿಕೆಟಿಗರು, ಕನ್ನಡದ ಲೇಖಕರು ಅಲ್ಲಿಗೆ ಹೋದರು. 2024ರ ಜುಲೈನಲ್ಲಿ ಸ್ಥಾಪಕರು ಬಾಗಿಲು ಹಾಕಿದರು. ಎರಡೂ ಕಡೆ ಹೆಸರು ಕಟ್ಟಿಕೊಂಡವರದು ಏನೂ ತಪ್ಪಿರಲಿಲ್ಲ. ಒಂದರಲ್ಲಿ ಗಡಿಯ ರಾಜಕೀಯ, ಇನ್ನೊಂದರಲ್ಲಿ ಬಂಡವಾಳದ ಕೊರತೆ. ಫಾಲೋವರ್‌ಗಳ ಪಟ್ಟಿ ಮಾತ್ರ ಎರಡೂ ಸಲ ಕಂಪನಿಯ ಕೈಯಲ್ಲೇ ಉಳಿಯಿತು.

ಆ್ಯಪ್ ಮುಚ್ಚುವುದಂತೂ ಅಪರೂಪ. ಖಾತೆ ಕಳೆದುಹೋಗುವುದು ದಿನನಿತ್ಯದ ಮಾತು. ‘ನಿಮ್ಮ ಪೇಜ್ ಮೇಲೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯೊಳಗೆ ಇಲ್ಲಿ ಒತ್ತಿ’ ಎಂಬ ಸಂದೇಶಕ್ಕೆ ಬೆದರಿ ಪಾಸ್‌ವರ್ಡ್ ಕೊಟ್ಟವರೆಷ್ಟೋ. ಭಯಕ್ಕೆ ಕಾರಣವೂ ಇದೆ: ಯೂಟ್ಯೂಬಿನಲ್ಲಿ 90 ದಿನಗಳೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ರದ್ದಾಗುವ ನಿಯಮವಿದೆ. ಹಾಗಾಗಿ ನಿಜವಾದ ನೋಟಿಸಿಗೂ ಸುಳ್ಳು ನೋಟಿಸಿಗೂ ಎದೆ ಒಂದೇ ತೆರನಾಗಿ ಹೊಡೆದುಕೊಳ್ಳುತ್ತದೆ. ಖಾತೆ ಕೈಬಿಟ್ಟ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಮನುಷ್ಯನನ್ನು ಹುಡುಕಿ ಕನ್ನಡದಲ್ಲಿ ದೂರು ಹೇಳಿಕೊಳ್ಳುವುದಿದೆಯಲ್ಲ, ಅದಕ್ಕಿಂತ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸುವುದು ಸಲೀಸು.

ಮೂರನೆಯದು ಮುಖದ ಒಡೆಯರಿಂದಲೇ ಬರುವ ಅಪಾಯ. ಇದಕ್ಕೆ ಅಮೆರಿಕದ ಮಾರ್ಥಾ ಸ್ಟೂವರ್ಟ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಡುಗೆ, ಹೂದೋಟ, ಮನೆ ಅಲಂಕಾರ ಕಲಿಸುತ್ತಾ ಟಿವಿ ಮತ್ತು ಪತ್ರಿಕೆಯಲ್ಲಿ ಮನೆಮಾತಾಗಿದ್ದ ಆಕೆ, ತನ್ನ ಹೆಸರಿನಲ್ಲೇ ಕಂಪನಿ ಕಟ್ಟಿ 1999ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ತಂದರು. ಷೇರು ಕೊಳ್ಳುವವರಿಗಾಗಿ ಮುದ್ರಿಸಿದ ದಾಖಲೆಯಲ್ಲೇ ಕಂಪನಿ ಒಂದು ಅಪಾಯವನ್ನು ಬರೆದುಕೊಂಡಿತ್ತು: ಮಾರ್ಥಾ ಅವರ ಹೆಸರಿಗೆ, ವರ್ಚಸ್ಸಿಗೆ ಧಕ್ಕೆಯಾದರೆ ವ್ಯವಹಾರಕ್ಕೇ ಧಕ್ಕೆ. ಮೂರು ವರ್ಷ ತುಂಬುವ ಮೊದಲೇ ಅದು ನಿಜವಾಯಿತು. 2001ರ ಡಿಸೆಂಬರಿನಲ್ಲಿ ಆಕೆ ಬೇರೊಂದು ಔಷಧ ಕಂಪನಿಯ ತಮ್ಮ ಸ್ವಂತ ಷೇರುಗಳನ್ನು ಮಾರಿದ ರೀತಿಯ ಮೇಲೆ ತನಿಖೆ ಶುರುವಾಯಿತು. ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕೆ 2004ರಲ್ಲಿ ಶಿಕ್ಷೆಯಾಗಿ ಐದು ತಿಂಗಳು ಜೈಲಿನಲ್ಲಿದ್ದರು. ಆ ಮಾರಾಟಕ್ಕೂ ಅವರ ಕಂಪನಿಯ ಪಾಕಪುಸ್ತಕಗಳಿಗೂ ಟವೆಲು ಬೆಡ್‌ಶೀಟುಗಳಿಗೂ ಏನೇನೂ ಸಂಬಂಧವಿರಲಿಲ್ಲ. ಆದರೂ ಸುದ್ದಿ ಹೊರಬಿದ್ದ ಕೆಲವೇ ತಿಂಗಳಲ್ಲಿ ಷೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಪತ್ರಿಕೆಯಿಂದ ಜಾಹೀರಾತುದಾರರು ಹಿಂದೆ ಸರಿದರು. ಅಲ್ಲಿ ಕೆಲಸ ಮಾಡುತ್ತಿದ್ದ ನೂರಾರು ಮಂದಿ, ತಮಗೆ ಗೊತ್ತೇ ಇಲ್ಲದ ಒಂದು ಷೇರು ಮಾರಾಟದ ಬೆಲೆ ತೆತ್ತರು.

ನಮ್ಮಲ್ಲಿ ಷೇರು ಹಗರಣವೇ ಆಗಬೇಕಿಲ್ಲ. ಮುಖದ ಒಡೆಯರು ಚುನಾವಣೆಯ ಹೊತ್ತಿಗೆ ಹಾಕಿದ ಒಂದು ಸಾಲು, ಸಂಸಾರದ ಜಗಳ, ಹೋಟೆಲಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಸಿಟ್ಟಿನ ಒಂದು ನಿಮಿಷ ಸಾಕು, ಸೀರೆ ವ್ಯಾಪಾರ ನಿಲ್ಲುತ್ತದೆ. ಮನೆಯಲ್ಲಿ ಕುಚ್ಚು ಕಟ್ಟುವ ನಾಲ್ಕು ಹೆಣ್ಣುಮಕ್ಕಳ ಕೂಲಿ ನಿಲ್ಲುತ್ತದೆ. ಏನೂ ತಪ್ಪು ಮಾಡದೆ ಹೆರಿಗೆಗೋ ಡೆಂಗಿ ಜ್ವರಕ್ಕೋ ಎರಡು ತಿಂಗಳು ಕಾಣಿಸಿಕೊಳ್ಳದಿದ್ದರೂ ಹೆಚ್ಚುಕಡಿಮೆ ಅದೇ ಗತಿ. ಮಗಳಿಗೆ ಅಂಗಡಿಯನ್ನು ಬಿಟ್ಟುಕೊಡಬಹುದು. ಮುಖವನ್ನು ಬಿಟ್ಟುಕೊಡುವುದು ಹೇಗೆ?

ಈ ಮೂರರ ಜೊತೆಗೆ, ದುಡ್ಡಿಗೆ ಮುಖವನ್ನು ಇನ್ನೊಬ್ಬರಿಗೆ ಕೊಡುವ ಚಾಳಿಯೂ ಸೇರಿಕೊಂಡಿದೆ. ಕನ್ನಡದ ರೀಲ್ಸ್ ನೋಡುವವರಲ್ಲಿ ರಮ್ಮಿ ಆ್ಯಪಿನ ಜಾಹೀರಾತು ಕಾಣದವರು ಯಾರಿದ್ದಾರೆ? 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು, ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದಕ್ಕೂ ಮೊದಲೇ, ಆ ವರ್ಷದ ಮಾರ್ಚಿನಲ್ಲಿ, ಬೆಟ್ಟಿಂಗ್ ಆ್ಯಪ್‌ಗಳನ್ನು ಹೊಗಳಿದ ನಟರು ಮತ್ತು ಯೂಟ್ಯೂಬರ್‌ಗಳ ಮೇಲೆ ಪಕ್ಕದ ತೆಲಂಗಾಣದಲ್ಲಿ ಪೊಲೀಸ್ ಕೇಸುಗಳಾಗಿದ್ದವು. ಸಾಮಾನ್ಯ ಜಾಹೀರಾತಿಗೂ ನಿಯಮವಿದೆ. ಹಣ ಅಥವಾ ಉಚಿತ ಸಾಮಾನು ಪಡೆದು ಹೊಗಳುವವರು ಅದನ್ನು ಎದ್ದುಕಾಣುವಂತೆ ಹೇಳಬೇಕು, ವಿಡಿಯೊದಲ್ಲಾದರೆ ಬರಹದಲ್ಲೂ ಮಾತಿನಲ್ಲೂ ಹೇಳಬೇಕು, ಹ್ಯಾಶ್‌ಟ್ಯಾಗುಗಳ ಗುಂಪಿನಲ್ಲಿ ಅಡಗಿಸಕೂಡದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ. ಒಂದು ವರ್ಷದಿಂದ ಮೂರು ವರ್ಷದವರೆಗೆ ಯಾವ ವಸ್ತುವನ್ನೂ ಹೊಗಳದಂತೆ ತಡೆಯಲೂಬಹುದು. ಹಾಗಿದ್ದರೂ ಕನ್ನಡದ ವಿಡಿಯೊಗಳಲ್ಲಿ ‘ಇದು ಹಣ ಪಡೆದು ಮಾಡಿದ ಜಾಹೀರಾತು’ ಎಂದು ಬಾಯಿಬಿಟ್ಟು ಹೇಳುವವರು ಅಪರೂಪ. ಹೇಳಿದರೆ ಬೆಲೆ ಕಡಿಮೆಯಾಗುತ್ತದೆ ಎಂಬ ಅಂಜಿಕೆ. ನಾಳೆ ನಕಲಿ ವಿಡಿಯೊ ಬಂದು ‘ಅದು ನಾನಲ್ಲ’ ಎಂದು ಹೇಳಬೇಕಾದಾಗ ಇವರ ಮಾತನ್ನು ಯಾಕೆ ನಂಬಬೇಕು ಎಂದು ನೋಡುಗರು ಕೇಳಿದರೆ, ಉತ್ತರ ಏನು? ಕಂಪನಿಯವರು ಕೊಟ್ಟ ಫೋನನ್ನು ಸ್ವಂತ ದುಡ್ಡಿನದೆಂಬಂತೆ ಹೊಗಳಿದ ಬಾಯಿ ಅದೇ ತಾನೇ.

ಹಾಗಾದರೆ ಮುಖ ಮುಚ್ಚಿಕೊಂಡು ಕೂರಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಯೂಟ್ಯೂಬಿನಲ್ಲಿ ಕನ್ನಡಿಗರಿಗೆ ದೇಶ ಸುತ್ತಿಸುವ ಡಾ. ಬ್ರೋ ಅವರ ‘ನಮಸ್ಕಾರ ದೇವ್ರು’ ಇಲ್ಲದಿದ್ದರೆ ಎಷ್ಟೋ ಮನೆಗಳಿಗೆ ಹೊರದೇಶ ಹೊರದೇಶವಾಗಿಯೇ ಉಳಿಯುತ್ತಿತ್ತು. ಕರಾವಳಿಯ ಭಟ್ ಎನ್ ಭಟ್ ಅಣ್ಣತಮ್ಮಂದಿರು ಹಲಸಿನ ಹಣ್ಣಿನ ಕಡುಬು ಕಲಿಸಿದಾಗ ನಗರದಲ್ಲಿ ಹುಟ್ಟಿದ ಮಕ್ಕಳೂ ಕಣ್ಣರಳಿಸಿದರು. ಮುಖ ಗಿರಾಕಿಯನ್ನು ಬಾಗಿಲವರೆಗೆ ತರುತ್ತದೆ. ಅಲ್ಲಿಂದ ಒಳಗೆ ಬೇರೆ ಏನಾದರೂ ಇರಬೇಕು.

ಮುಖದಾಚೆಗೂ ನಿಲ್ಲುವ ಹೆಸರು ಕಟ್ಟಿದ ಉದಾಹರಣೆಗೆ ದೂರ ಹೋಗಬೇಕಿಲ್ಲ. 1924ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು, ಎಂಟಿಆರ್ ಆಯಿತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲು ತಿಂಡಿಗಳಿಗೆ ಕಟ್ಟಿದ ಬೆಲೆ ಅಸಲಿಗೂ ಸಾಲದಾಯಿತು. ಗುಣಮಟ್ಟ ಇಳಿಸಲು ಒಪ್ಪದ ಅವರು ದಿನದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ಹಾಕಿ, ಕಡೆಗೆ ಕೆಲ ಕಾಲ ಹೋಟೆಲನ್ನೇ ಮುಚ್ಚಿದರು. ಕೆಲಸಗಾರರನ್ನು ಉಳಿಸಿಕೊಳ್ಳಲು ತಿಂಡಿಯ ಮಿಕ್ಸ್ ಪೊಟ್ಟಣ ಕಟ್ಟಿ ಮಾರುವುದಕ್ಕೆ ಒತ್ತು ಕೊಟ್ಟರು. ಹೋಟೆಲಿನ ಮೇಜಿನಿಂದ ಮನೆಯ ಅಡುಗೆ ಅಟ್ಟಕ್ಕೆ ಹೋದ ಆ ಹೆಸರನ್ನು ಗಿರಾಕಿಗಳು ಬಿಡಲಿಲ್ಲ. ಪೊಟ್ಟಣದ ಮೇಲೆ ಯಾವ ಮಯ್ಯರ ಚಿತ್ರವೂ ಬೇಕಾಗಲಿಲ್ಲ. 2007ರಲ್ಲಿ ಪೊಟ್ಟಣದ ವ್ಯವಹಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು, ಹೋಟೆಲುಗಳು ಮನೆಯವರ ಕೈಯಲ್ಲೇ ಉಳಿದವು. ಒಂದೇ ಹೆಸರನ್ನು ಹೀಗೆ ಪಾಲು ಮಾಡಲು, ಮಾರಲು, ಮಕ್ಕಳಿಗೆ ಕೊಡಲು ಸಾಧ್ಯವಾದದ್ದು ಅದು ಯಾರ ಮುಖಕ್ಕೂ ಅಂಟಿಕೊಂಡಿರದ ಕಾರಣಕ್ಕೆ. ಹಳೆಯ ಕಾಲ ಚಿನ್ನದ ಕಾಲ ಎಂದು ಇದನ್ನು ಹೇಳುತ್ತಿಲ್ಲ. ಆ ಹೆಸರು ಕಟ್ಟಲು ಅರ್ಧ ಶತಮಾನ ಬೇಕಾಯಿತು, ಈಗ ಯಾರಿಗೂ ಅಷ್ಟು ಪುರುಸೊತ್ತಿಲ್ಲ.

ಪುರುಸೊತ್ತಿಲ್ಲದವರೂ ಮಾಡಬಹುದಾದ ಕೆಲಸಗಳಿವೆ. ಹೆಚ್ಚಿನವು ಬೇಸರ ತರಿಸುವ ಕಾಗದಪತ್ರದ ಕೆಲಸಗಳು. ಮೊದಲನೆಯದು ಹೆಸರು. ತನ್ನ ಹೆಸರನ್ನೇ ಅಂಗಡಿಗೆ ಇಟ್ಟರೆ ಅದು ಭದ್ರ ಎಂದುಕೊಳ್ಳುವವರು ಬಹಳ. ಟ್ರೇಡ್ ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ಓದಿದರೆ ಅಚ್ಚರಿಯಾದೀತು: ಇನ್ನೊಬ್ಬರು ತಮ್ಮ ನಿಜವಾದ ಹೆಸರನ್ನು ಪ್ರಾಮಾಣಿಕವಾಗಿ ಬಳಸುತ್ತಿದ್ದರೆ, ನೋಂದಣಿ ಇದ್ದವರೂ ಅವರನ್ನು ತಡೆಯುವಂತಿಲ್ಲ. ಊರಿಗೊಬ್ಬಳೇ ಪದ್ಮಾವತಿ ಎಂಬುದು ಗಾದೆಯಲ್ಲಿ ಸರಿ, ಕಾಯ್ದೆ ಹಾಗೆ ಹೇಳುವುದಿಲ್ಲ. ‘ಸಾವಿತ್ರಮ್ಮನ ಉಪ್ಪಿನಕಾಯಿ’ಗೆ ನಾಳೆ ಇನ್ನೊಬ್ಬ ಸಾವಿತ್ರಮ್ಮ ಬಂದರೆ ಜಗಳ ಗೆಲ್ಲುವುದು ಸುಲಭವಲ್ಲ. ತನ್ನ ಹೆಸರಿಗಿಂತ ಬೇರೆಯಾದ, ಎಲ್ಲೂ ಇಲ್ಲದ ಒಂದು ಹೆಸರನ್ನು ಹುಡುಕಿ ನೋಂದಾಯಿಸಲು ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗದ ಸರಕಿಗೆ 4,500 ರೂಪಾಯಿ. ನೋಂದಣಿ ಹತ್ತು ವರ್ಷ ಇರುತ್ತದೆ. ಒಂದು ರಿಂಗ್ ಲೈಟು, ಒಂದು ಮೈಕು ಕೊಳ್ಳುವ ದುಡ್ಡು. ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿಯೂ ಇರಬೇಕು, ಆ 14 ಅಂಕಿಯ ಸಂಖ್ಯೆ ಲೇಬಲ್ಲಿನ ಮೇಲಿರಬೇಕು. ನಕಲಿ ಪೇಜಿನವರು ಮುಖವನ್ನು ತಂದಷ್ಟು ಸುಲಭವಾಗಿ ಅಧಿಕಾರಿಯ ದಾಖಲೆಯಲ್ಲಿ ತಮ್ಮ ವಿಳಾಸವನ್ನು ಬರೆಸಲಾರರು.

ಎರಡನೆಯದು ಗಿರಾಕಿಗಳ ಪಟ್ಟಿ. ಹಳೆಯ ಅಂಗಡಿಯವರ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಯಾರು, ಎಲ್ಲಿಯವರು, ಏನು ಕೊಂಡರು ಎಂಬುದು ಇರುತ್ತಿತ್ತು. ಇವತ್ತು ಲಕ್ಷ ಫಾಲೋವರ್ ಇರುವವರ ಬಳಿ ನೂರು ಗಿರಾಕಿಗಳ ವಿಳಾಸ ಸಿಗುವುದಿಲ್ಲ, ಎಲ್ಲವೂ ಮೆಸೇಜುಗಳ ರಾಶಿಯಲ್ಲಿ ಹೂತುಹೋಗಿವೆ. ಕೇಳಿ ಒಪ್ಪಿಗೆ ಪಡೆದು ಹೆಸರು, ಊರು, ಫೋನು ಬರೆದಿಟ್ಟುಕೊಂಡವರಿಗೆ ಖಾತೆ ಕಳುವಾದ ದಿನ ತಮ್ಮವರಿಗೆ ತಾವೇ ತಿಳಿಸುವ ದಾರಿಯಿರುತ್ತದೆ. ಒಪ್ಪಿಗೆಯ ಮಾತು ಮರೆಯಬಾರದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆಯಾಗಿದೆ.

ಮೂರನೆಯದು ಹಣ, ಇದಕ್ಕೆ ಎಲ್ಲಕ್ಕಿಂತ ಹೆಚ್ಚಿನ ಒತ್ತು ಕೊಡಬೇಕು. ಯುಪಿಐನಲ್ಲಿ ಹಣ ಕಳಿಸುವ ಮುನ್ನ, ಪಡೆಯುವವರ ಹೆಸರು ಬ್ಯಾಂಕಿನಲ್ಲಿ ಹೇಗಿದೆಯೋ ಹಾಗೇ ಪರದೆಯ ಮೇಲೆ ಕಾಣಿಸಬೇಕು ಎಂದು, ಯುಪಿಐ ನಡೆಸುವ ಎನ್‌ಪಿಸಿಐ 2025ರ ಜೂನ್ ಕೊನೆಯೊಳಗೆ ಜಾರಿಗೆ ತರಲು ಹೇಳಿತು. ಬಹಳ ಒಳ್ಳೆಯ ಕ್ರಮ. ಆದರೆ ನಮ್ಮ ಸಣ್ಣ ವ್ಯಾಪಾರಿಗಳು ಅದನ್ನು ತಾವೇ ನಿಷ್ಪ್ರಯೋಜಕ ಮಾಡುತ್ತಿದ್ದಾರೆ. ಪೇಜಿನ ಹೆಸರು ಒಂದು, ಕ್ಯಾಮೆರಾದಲ್ಲಿ ಕಾಣುವವರು ಹೆಂಡತಿ, ಕ್ಯೂಆರ್ ಕೋಡು ಗಂಡನದು, ಅದು ಕೆಟ್ಟ ದಿನ ಮೈದುನನ ನಂಬರು. ಗಿರಾಕಿ ಮೊದಲ ಸಲ ಹೆಸರು ನೋಡಿ ಅನುಮಾನಪಟ್ಟು ಕೇಳುತ್ತಾರೆ, ‘ಅದು ನಮ್ಮ ಮನೆಯವರದೇ, ಹಾಕಿ ಮೇಡಂ’ ಎಂಬ ಉತ್ತರ ಬರುತ್ತದೆ. ಎರಡನೆಯ ಸಲ ಕೇಳುವುದಿಲ್ಲ. ಗುರುತಿಲ್ಲದ ಹೆಸರಿಗೆ ಹಣ ಹಾಕುವ ಅಭ್ಯಾಸವನ್ನು ಪ್ರಾಮಾಣಿಕ ವ್ಯಾಪಾರಿಯೇ ಹೀಗೆ ಗಿರಾಕಿಗೆ ಮಾಡಿಸುತ್ತಾರೆ. ವಂಚಕರಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಬೇಕಿಲ್ಲ. ಅಂಗಡಿಯ ಹೆಸರಿನಲ್ಲೇ ಒಂದು ಕರೆಂಟ್ ಅಕೌಂಟು ತೆರೆದು, ಹಣ ಕಳಿಸುವಾಗ ಈ ಹೆಸರು ಬಂದರೆ ಮಾತ್ರ ಮುಂದುವರಿಯಿರಿ ಎಂದು ಪ್ರತಿ ವಿಡಿಯೊದಲ್ಲೂ ಹೇಳುವ ರೂಢಿ ಬಂದರೆ, ಎಷ್ಟೇ ಚೆನ್ನಾಗಿ ಮಾಡಿದ ನಕಲಿ ಮುಖವೂ ಪಾವತಿಯ ಪರದೆಯಲ್ಲಿ ಸಿಕ್ಕಿಬೀಳುತ್ತದೆ.

ಕಂಪನಿಗಳೂ ಸರ್ಕಾರವೂ ಸುಮ್ಮನಿರುವಂತಿಲ್ಲ. ಮುಖವನ್ನು ನಕಲು ಮಾಡಿದ ವಿಡಿಯೊಗಳನ್ನು ಹುಡುಕಿಕೊಡುವ ಸೌಲಭ್ಯವನ್ನು ಯೂಟ್ಯೂಬ್ 2025ರ ಅಕ್ಟೋಬರಿನಲ್ಲಿ ಶುರುಮಾಡಿತು, ಅದೂ ಜಾಹೀರಾತಿನ ಹಣ ಪಡೆಯುವ ಚಾನೆಲ್‌ಗಳಿಗೆ. ಗುರುತಿನ ಚೀಟಿ ಮತ್ತು ಸೆಲ್ಫಿ ವಿಡಿಯೊ ಕೊಡಬೇಕು. ಇನ್ನೂ ಆ ಮಟ್ಟಕ್ಕೆ ಬಾರದ ಸಣ್ಣವರಿಗೆ ಏನು ಗತಿ? ಒಬ್ಬರಂತೆ ನಟಿಸುವ, ಚಿತ್ರ ತಿರುಚಿದ ವಿಷಯದ ಮೇಲೆ ಆ ವ್ಯಕ್ತಿಯೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಬೇಕೆಂದು ಐಟಿ ನಿಯಮಗಳು 2021ರಲ್ಲಿ ಬಂದಾಗಲೇ ಗಡುವು ಹಾಕಿದ್ದವು. ಕಂಪನಿ ಸ್ಪಂದಿಸದಿದ್ದರೆ ಮೇಲ್ಮನವಿ ಕೇಳಲು ಕೇಂದ್ರ 2023ರಲ್ಲಿ ಸಮಿತಿಗಳನ್ನೂ ಮಾಡಿದೆ, 30 ದಿನದೊಳಗೆ ಅಲ್ಲಿಗೆ ಹೋಗಬಹುದು. ಈ ವಿಷಯ ನಮ್ಮ ಸೀರೆ ಲೈವ್‌ನವರಿಗೆ ಯಾರು ಹೇಳಿದ್ದಾರೆ? ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗಳಿವೆ, ಹಣ ಹೋದ ತಕ್ಷಣ ಕರೆಯಲು 1930 ಸಹಾಯವಾಣಿ ಇದೆ. ಆದರೆ ಅಲ್ಲಿ ನಡೆಯುವ ಕೆಲಸವೆಲ್ಲ ಹಣ ಹೋದವರ ದೂರಿನ ಸುತ್ತ. ಮುಖ ಹೋದವರು ಠಾಣೆಗೆ ಬಂದರೆ ‘ನಿಮ್ಮ ದುಡ್ಡೇನೂ ಹೋಗಿಲ್ಲವಲ್ಲ’ ಎಂದು ಕೇಳುವಂಥ ಪರಿಸ್ಥಿತಿ ಬರಬಾರದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಅಭ್ಯಾಸ ನಮ್ಮ ಇಲಾಖೆಗಳಿಗೆ ಹೊಸದಲ್ಲ, ಈ ಒಂದು ವಿಷಯದಲ್ಲಿ ಇನ್ನೂ ಸಮಯ ಇದೆ.

ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರಿಗೆ, ಜಿಲ್ಲಾ ಕೈಗಾರಿಕಾ ಕೇಂದ್ರಗಳಿಗೆ ಬರುವ ಯುವಕರಿಗೆ ಆನ್‌ಲೈನ್‌ನಲ್ಲಿ ಮಾರುವುದನ್ನು ಕಲಿಸುವಾಗ ಬೆಳಕು, ಕೋನ, ಹಿನ್ನೆಲೆ ಸಂಗೀತದ ಪಾಠ ಅರ್ಧ ಗಂಟೆ ಕಡಿಮೆಯಾದರೂ ನಷ್ಟವಿಲ್ಲ. ಆ ಅರ್ಧ ಗಂಟೆಯಲ್ಲಿ ಟ್ರೇಡ್ ಮಾರ್ಕ್ ಅರ್ಜಿ, ಎರಡು ಹಂತದ ಲಾಗಿನ್, ನಕಲಿ ಪೇಜಿನ ಮೇಲೆ ದೂರು ಕೊಡುವ ಕ್ರಮ, ಇಷ್ಟನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಬೇಕು. ದೂರಿನ ನಮೂನೆ ಕನ್ನಡದಲ್ಲಿರಬೇಕೆಂದು ರಾಜ್ಯ ಸರ್ಕಾರ ಕಂಪನಿಗಳನ್ನು ಕೇಳಬೇಕು. ಬೆಂಗಳೂರಿನಲ್ಲಿ ಅವುಗಳ ಕಚೇರಿಗಳಿವೆ, ಕರೆದರೆ ಬರುತ್ತವೆ. ಗೌರಿ ಹಬ್ಬದಿಂದ ದೀಪಾವಳಿವರೆಗಿನ ಎರಡು ತಿಂಗಳು ಸೀರೆ, ತಿಂಡಿ, ಗಿಫ್ಟು ಮಾರುವವರಿಗೆ ವರ್ಷದ ಸಂಪಾದನೆಯ ಕಾಲ, ನಕಲಿಯವರಿಗೂ ಅದೇ ಸುಗ್ಗಿ. ಈ ಕೆಲಸಗಳು ಅದಕ್ಕೆ ಮೊದಲು ಆಗಬೇಕು.